ವರ್ತಕರೂ ಊರಿನ ಕಟ್ಟಳೆಯೂ

ಬೇಲೂರು ಹಳೇಬೀಡುಗಳನ್ನು ನೋಡದವರ ಮನೆ ಕನ್ನಡನಾಡಿನಲ್ಲಿ ಅಪರೂಪ. ನೀವೂ ಎಂದಾದರೊಮ್ಮೆ ಅರಸೀಕೆರೆಯ ಸ್ಟೇಷನ್ನಿನಲ್ಲಿ ರೈಲಿನಿಂದಿಳಿದು, ಬಸ್ಸು ಹಿಡಿದು, ಹೊಯ್ಸಳೇಶ್ವರನನ್ನೂ ಚೆನ್ನಕೇಶವನನ್ನೂ ಕಂಡು ಬಂದಿರಬಹುದು. ಊರಿಗೆ ಹಿಂತಿರುಗಿದ ಮೇಲೆ ಮನೆಗೆ ಬಂದವರೊಡನೆ ಮದನಿಕೆಯರ ಮಾತನ್ನಾಡಿರುತ್ತೀರಿ. ನಕ್ಷತ್ರಾಕಾರದ ಜಗತಿಯ ಮಾತನ್ನಾಡಿರುತ್ತೀರಿ. ಗುಡಿಯ ಹೊರಗಿನ ಬೀದಿಯ ಮಾತನ್ನು ಆಡಿದಿರೋ ಇಲ್ಲವೋ ಸಂದೇಹ. ಹಣ್ಣುಕಾಯಿ ಕೊಂಡ ಅಂಗಡಿ ಬೀದಿಯೊಳಕ್ಕೆ ಎಷ್ಟು ಚಾಚಿಕೊಂಡಿದ್ದಿತು, ಬಸ್ಸು ತಿರುಗಲು ಎಷ್ಟು ಪರದಾಡಿತು, ಚರಂಡಿಯ ನೀರು ಎತ್ತ ಹರಿಯುತ್ತಿದ್ದಿತು ಎಂಬುವು ಪ್ರವಾಸದ ನೆನಪಿನಲ್ಲಿ ಉಳಿಯುವ ಸಂಗತಿಗಳಲ್ಲ. ಆದರೆ ಆ ಊರುಗಳಲ್ಲಿ ಬಾಳುವವರಿಗೆ ಬೆಳಗಾದರೆ ಎದುರಾಗುವುವು ಇವೇ.

ಊರು ಹೇಗೆ ಬೆಳೆಯಬೇಕು, ಬೀದಿ ಎಷ್ಟು ಅಗಲವಿರಬೇಕು, ಎಲ್ಲಿ ಅಂಗಡಿ, ಎಲ್ಲಿ ಮನೆ, ಎಲ್ಲಿ ಬಯಲು ಎಂದು ಗೊತ್ತುಮಾಡುವ ಶಾಸನಕ್ಕೆ ನಗರ ಯೋಜನಾ ಕಾನೂನು ಎಂದು ಹೆಸರು. ಈ ಕಾನೂನಿಗೂ ವರ್ತಕನಿಗೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂದು ಬಹು ಮಂದಿಯ ಭಾವನೆ. ಜಗಲಿಯ ಮೇಲೆ ಜಗಲಿ ಕಟ್ಟಿ ಬೀದಿಯನ್ನು ಒತ್ತರಿಸುವವನು ವರ್ತಕ, ತಡೆಯಲು ಬರುವವನು ಪುರಸಭೆಯ ಅಧಿಕಾರಿ ಎಂಬುದು ನಮ್ಮ ಕಣ್ಣಿಗೆ ಕಟ್ಟಿದ ಚಿತ್ರ. ಚಿತ್ರ ಸುಳ್ಳೆಂದು ನಾನು ಹೇಳಲಾರೆ. ಆದರೆ ಚರಿತ್ರೆಯ ಪುಟಗಳನ್ನು ತಿರುವಿದರೆ ಇನ್ನೊಂದು ಚಿತ್ರವೂ ಕಾಣುತ್ತದೆ. ಅನೇಕ ಊರುಗಳಲ್ಲಿ ಕಟ್ಟಳೆಯನ್ನು ಬೇಡಿದವರು, ಅದಕ್ಕಾಗಿ ಹಣ ತೆತ್ತವರು, ಅದನ್ನು ತಿದ್ದಿಸಲು ಓಡಾಡಿದವರು ವರ್ತಕರೇ. ಈ ಎರಡು ಚಿತ್ರಗಳೂ ಹೇಗೆ ನಿಜವಾದುವು, ಅದರಿಂದ ನಮ್ಮ ಈ ಮೂರು ಊರುಗಳಿಗೆ ಏನು ಪಾಠ ಎಂಬುದನ್ನು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ಹಳೇಬೀಡಿಗೆ ಹೋಗೋಣ. ಇಂದಿನ ಹಳೇಬೀಡು ಅಂದಿನ ದೋರಸಮುದ್ರ, ಹೊಯ್ಸಳರ ರಾಜಧಾನಿ. ದೊಡ್ಡ ಕೆರೆಯ ಮಗ್ಗುಲಲ್ಲಿ ಕೋಟೆಯೊಳಗೆ ಹಬ್ಬಿದ್ದ ನಗರವದು. ರಾಜಧಾನಿಯೆಂದ ಕೂಡಲೆ ಅರಸನೊಬ್ಬನೇ ಎಲ್ಲವನ್ನೂ ಕಟ್ಟಿಸಿದನೆಂದು ಭಾವಿಸುವುದುಂಟು. ಹೊಯ್ಸಳೇಶ್ವರ ದೇವಾಲಯವನ್ನೇ ನೋಡಿ. ೧೧೨೧ರ ಸುಮಾರಿನಲ್ಲಿ ಅದರ ಕೆಲಸವನ್ನು ಕೈಗೊಂಡವನು ವಿಷ್ಣುವರ್ಧನನ ಅಧಿಕಾರಿಯಾದ ಕೇತಮಲ್ಲ. ದೊರೆಯ ಹೆಸರಿನ ಗುಡಿಗೆ ಊರಿನ ಧನವಂತರ ನೆರವೂ ಸೇರಿದ್ದಿತು. ಅಲ್ಲಿಂದ ಬಸ್ತಿಹಳ್ಳಿಗೆ ಹೋದರೆ ಪಾರ್ಶ್ವನಾಥ ಬಸದಿ ಕಾಣುತ್ತದೆ. ೧೧೩೩ರಲ್ಲಿ ಅದನ್ನು ಕಟ್ಟಿಸಿದವನು ದಂಡನಾಯಕ ಗಂಗರಾಜನ ಮಗ ಬೊಪ್ಪ. ಹಳೇಬೀಡಿನಲ್ಲಿಯೇ ನಗರೇಶ್ವರವೆಂಬ ಹೆಸರಿನ ಪಾಳುಗುಡಿಗಳ ನೆಲೆಯೊಂದಿದೆ. ನೆಲವನ್ನಗೆದು ಅದರ ತಳಪಾಯಗಳನ್ನು ಪುರಾತತ್ತ್ವ ಇಲಾಖೆಯವರು ಹೊರತೆಗೆದಿದ್ದಾರೆ. ಆ ಹೆಸರಿನ ಮೇಲೆ ಸ್ವಲ್ಪ ಗಮನವಿಡಿ.

ನಮ್ಮ ಹಳೆಯ ಶಾಸನಗಳಲ್ಲಿ ನಗರ ಅಥವಾ ನಕರ ಎಂದರೆ ಬರಿಯ ಪಟ್ಟಣವೆಂದು ಅರ್ಥವಲ್ಲ. ಪಟ್ಟಣದ ವರ್ತಕರ ಕೂಟಕ್ಕೂ ಅದೇ ಹೆಸರು. ಊರು ಯಾವುದು, ವರ್ತಕ ಸಮೂಹ ಯಾವುದು ಎಂದು ಬೇರ್ಪಡಿಸಲು ಮಾತೇ ಒಪ್ಪಲಿಲ್ಲ. ಶ್ರವಣಬೆಳಗೊಳಕ್ಕೆ ಹೋದವರು ನಗರ ಜಿನಾಲಯವೆಂಬ ಬಸದಿಯನ್ನು ನೋಡಿರಬಹುದು. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಅದನ್ನು ಕಟ್ಟಿಸಿದ ನಾಗದೇವನಿಗೆ ಪಟ್ಟಣಸ್ವಾಮಿಯೆಂಬ ಬಿರುದು. ಆ ಬಸದಿಯನ್ನು ನೋಡಿಕೊಳ್ಳುವ ಭಾರ ವರ್ತಕರದಾದುದರಿಂದಲೇ ಅದಕ್ಕೆ ನಗರ ಜಿನಾಲಯವೆಂದು ಹೆಸರು ಬಂದಿತು.

ಪಟ್ಟಣಸ್ವಾಮಿಯೆಂದರೆ ಪಟ್ಟಣದ ಮುಖ್ಯಸ್ಥ. ಈ ಸ್ಥಾನ ಸಾಮಾನ್ಯವಾಗಿ ಹಿರಿಯ ವರ್ತಕನಿಗೆ ಸಲ್ಲುತ್ತಿದ್ದಿತು. ಒಂದು ಕಡೆ ಅರಸನ ಅಧಿಕಾರಿಗಳು, ಇನ್ನೊಂದು ಕಡೆ ನಕರದವರು. ಇಬ್ಬರ ನಡುವೆ ನಿಂತು ಸಂತೆಯ ವ್ಯವಸ್ಥೆಯನ್ನೂ ಪೇಟೆಯ ಶಿಸ್ತನ್ನೂ ಕಾಯುವವನು ಆತ. ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಗತಿ ಬಹು ಸ್ವಾರಸ್ಯವಾದುದು. ಐಹೊಳೆಯ ಐನೂರ್ವರೇ ಮೊದಲಾದ ವರ್ತಕ ಸಂಘಗಳು ತಮ್ಮ ಸರಕಿನ ಮೇಲೆ ತಾವೇ ಕಂದಾಯ ಹೇರಿಕೊಳ್ಳುತ್ತಿದ್ದವು. ಎತ್ತಿನ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು, ಎಲೆಯ ಕಟ್ಟಿಗೆ ಇಷ್ಟು, ಅಡಿಕೆಗೆ ಇಷ್ಟು ಎಂದು ಸಭೆ ಸೇರಿ ಗೊತ್ತುಮಾಡಿ, ಆ ಆದಾಯವನ್ನು ಗುಡಿಗೋ ಕೆರೆಗೋ ಬಿಟ್ಟು, ಕಲ್ಲಿನ ಮೇಲೆ ಬರೆಯಿಸುತ್ತಿದ್ದರು. ಅರಸನ ಹೆಜ್ಜುಂಕ ಬೇರೆ, ಇದು ಬೇರೆ.

ಇದನ್ನು ಬರಿಯ ದಾನಶೀಲತೆಯೆಂದು ಹೊಗಳಿ ಸುಮ್ಮನಾಗುವುದು ಸುಲಭ. ಸ್ವಲ್ಪ ಯೋಚಿಸಿದರೆ ಲೆಕ್ಕಾಚಾರವೂ ಕಾಣುತ್ತದೆ. ದೂರದ ಊರಿನಿಂದ ಹೇರು ಹೊಡೆದುಕೊಂಡು ಬರುವ ವರ್ತಕನಿಗೆ ಏನು ಬೇಕು? ಸಂತೆ ಕೂಡುವ ಸ್ಥಳ ಗೊತ್ತಾಗಿರಬೇಕು. ತಕ್ಕಡಿ, ಬಳ್ಳ, ಕೊಳಗಗಳು ಒಂದೇ ಅಳತೆಯಿರಬೇಕು. ಸುಂಕ ಇಂದೊಂದು ನಾಳೆಯೊಂದು ಆಗಬಾರದು. ಎತ್ತಿಗೆ ನೀರು ಸಿಗಬೇಕು, ಸರಕು ಇಳಿಸಿಕೊಳ್ಳಲು ನೆಲ ಬೇಕು, ಕಳ್ಳರ ಭಯವಿರಬಾರದು. ಇವನ್ನೆಲ್ಲ ಒಬ್ಬೊಬ್ಬನೇ ಕೊಂಡುಕೊಳ್ಳಲಾಗುವುದಿಲ್ಲ. ಎಲ್ಲರೂ ಸೇರಿ ಕಟ್ಟಳೆ ಮಾಡಿಕೊಂಡಾಗಲೇ ಇವು ದೊರೆಯುವುದು. ಆದುದರಿಂದ ವರ್ತಕ ತನ್ನ ಲಾಭದಲ್ಲಿ ಒಂದು ಪಾಲನ್ನು ಊರಿಗೆ ಒಪ್ಪಿಸಿ, ಅದಕ್ಕೆ ಪ್ರತಿಯಾಗಿ ನಿಶ್ಚಿತತೆಯನ್ನು ಪಡೆದ.

ಅರಸೀಕೆರೆಯೂ ಆಗ ಸಣ್ಣ ಊರೇನಲ್ಲ. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಹೆಸರು ಬಂದ ಈ ಊರಿನಲ್ಲಿ ೧೨೨೦ರ ಸುಮಾರಿನ ಈಶ್ವರ ದೇವಾಲಯವಿದೆ. ಅದರ ದುಂಡಗಿನ ಮುಖಮಂಟಪದಂತಹುದು ಹೊಯ್ಸಳ ಗುಡಿಗಳಲ್ಲಿ ಅಪೂರ್ವ. ಅದೇ ಕಾಲದಲ್ಲಿ ರೇಚರಸನೆಂಬ ಮಂತ್ರಿ ಅಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ. ಶೈವರ ಗುಡಿ, ಜೈನರ ಬಸದಿ, ಸಂತೆ, ಕೆರೆ ಎಲ್ಲವೂ ಒಂದೇ ಊರಿನಲ್ಲಿ ಅಕ್ಕಪಕ್ಕ ನಿಲ್ಲಬೇಕಾದರೆ ಜಾಗದ ವಿಚಾರದಲ್ಲಿ ಊರವರಲ್ಲಿ ಒಂದು ಒಡಂಬಡಿಕೆ ಇದ್ದಿರಲೇಬೇಕು.

ಬೇಲೂರಿನಲ್ಲಿ ಆ ಒಡಂಬಡಿಕೆಯ ಒಂದು ರೂಪವನ್ನು ಇಂದಿಗೂ ಕಣ್ಣಾರೆ ಕಾಣಬಹುದು. ೧೧೧೭ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಚೈತ್ರಮಾಸದಲ್ಲಿ ರಥೋತ್ಸವ ನಡೆಯುತ್ತದೆ. ತೇರು ಹೋಗಬೇಕಾದರೆ ಬೀದಿ ತೇರಿಗಿಂತ ಅಗಲವಾಗಿರಬೇಕು. ತಿರುವಿನಲ್ಲಿ ಇನ್ನೂ ಅಗಲವಾಗಿರಬೇಕು. ತೇರಿನ ಗಾಲಿಗೆ ಅಡ್ಡವಾಗಿ ಜಗಲಿ ಕಟ್ಟಿದವನು ಇಡೀ ಊರಿನ ಎದುರು ಉತ್ತರ ಹೇಳಬೇಕಾಗುತ್ತದೆ. ವರ್ಷಕ್ಕೊಮ್ಮೆ ಎಲ್ಲರ ಕಣ್ಣೆದುರಿಗೆ ಬೀದಿಯ ಅಳತೆ ಪಡೆಯುವ ಈ ಏರ್ಪಾಡಿಗಿಂತ ಒಳ್ಳೆಯ ಸರ್ವೆ ಯಾವುದುಂಟು? ತೇರುಬೀದಿಯಿರುವ ನಮ್ಮ ಯಾವ ಊರಿಗೇ ಹೋಗಿ, ಅಲ್ಲಿ ಅತಿ ನೇರವಾಗಿ ಉಳಿದ ಬೀದಿ ಅದೇ ಆಗಿರುವುದು ಹೆಚ್ಚು. ಅಲ್ಲಿ ಅಂಗಡಿಯಿಟ್ಟವನಿಗೂ ತೇರಿನಿಂದಲೇ ವ್ಯಾಪಾರ. ತನ್ನ ಅಂಗಡಿ ಎರಡು ಮೊಳ ಹಿಂದೆ ನಿಂತರೂ ಜಾತ್ರೆ ನಡೆದರೆ ಸಾಕೆಂದು ಅವನು ಬಲ್ಲ.

೧೩೧೧ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂದಿತು. ೧೩೨೭ರ ಸುಮಾರಿನಲ್ಲಿ ಮತ್ತೊಂದು ದಂಡು. ರಾಜಧಾನಿ ಹಾಳಾಯಿತು, ಹಾಳಾದ ಬೀಡಿಗೆ ಹಳೇಬೀಡೆಂದೇ ಹೆಸರು ನಿಂತಿತು. ಅರಮನೆ ಹೋಯಿತು, ಪೇಟೆ ಹೋಯಿತು, ನಕರದವರು ಚದುರಿದರು. ಕಲ್ಲಿನ ಗುಡಿಗಳು ಉಳಿದುವು. ಅಂದಿನ ಬೀದಿಗಳೂ ಮನೆಗಳೂ ಇಂದು ಹೊಲಗಳ ಕೆಳಗೆ, ಊರಿನ ಕೆಳಗೆ ಮಲಗಿವೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಇದೇ ಒಂದು ಕಾನೂನಿನ ಪ್ರಶ್ನೆಯಾಗಿ ಬರುತ್ತದೆ.

ಅಲ್ಲಿಂದ ಆರು ಶತಮಾನ ಮುಂದೆ ಬಂದು ಅರಸೀಕೆರೆಯ ಸ್ಟೇಷನ್ನಿನಲ್ಲಿ ನಿಲ್ಲೋಣ. ೧೮೮೦ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ತಿಪಟೂರುಗಳ ಮಾರ್ಗವಾಗಿ ಹರಿಹರದ ಕಡೆಗೆ ರೈಲುದಾರಿ ಬಿದ್ದಿತು. ೧೯೧೮ರ ಹೊತ್ತಿಗೆ ಮೈಸೂರಿನಿಂದ ಹಾಸನದ ಮೂಲಕ ಬಂದ ದಾರಿ ಅದನ್ನು ಅರಸೀಕೆರೆಯಲ್ಲಿ ಕೂಡಿತು, ಊರು ಜಂಕ್ಷನ್ನಾಯಿತು. ಕೆರೆಯ ಸುತ್ತ ಬೆಳೆದಿದ್ದ ಊರಿಗೆ ಈಗ ಎರಡನೆಯ ಕೇಂದ್ರವೊಂದು ಹುಟ್ಟಿತು. ಸುತ್ತಲಿನ ತೋಟಗಳ ಕೊಬ್ಬರಿ ಗಾಡಿಗಳಲ್ಲಿ ಬಂದು ಮಂಡಿಗಳಲ್ಲಿ ಇಳಿದು ರೈಲೇರಿತು. ಹೊಯ್ಸಳರ ಕಾಲದಲ್ಲಿ ಕೆರೆ ಊರಿನ ನಕ್ಷೆಯನ್ನು ಬರೆದಿದ್ದರೆ ಈಗ ರೈಲ್ವೆಯವರು ಬರೆದರು. ನಡುವೆ ಊರವರು ಕುಳಿತು ಬರೆದ ನಕ್ಷೆಯಿರಲಿಲ್ಲ.

ಆ ಹೊತ್ತಿಗೆ ದೊಡ್ಡ ನಗರಗಳಲ್ಲಿ ಹೊಸ ವಿಚಾರ ಹುಟ್ಟಿದ್ದಿತು. ಅದನ್ನು ಹುಟ್ಟಿಸಿದ್ದು ಪ್ಲೇಗು. ಮುಂಬಯಿಯಲ್ಲಿ ಪ್ಲೇಗು ಬಂದ ಮೇಲೆ ೧೮೯೮ರಲ್ಲಿ ನಗರ ಸುಧಾರಣಾ ಮಂಡಲಿ ಏರ್ಪಟ್ಟಿತು. ಅದೇ ವರ್ಷ ಬೆಂಗಳೂರಿಗೂ ಪ್ಲೇಗು ಬಂದು, ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಕ್ಕೆ ಕರೆತರಲು ಬಸವನಗುಡಿ, ಮಲ್ಲೇಶ್ವರಗಳು ನೇರ ಬೀದಿಗಳೊಡನೆ ತಲೆಯೆತ್ತಿದುವು. ಮೈಸೂರಿನಲ್ಲಿ ೧೯೦೩ರಲ್ಲಿ ನಗರ ಸುಧಾರಣಾ ಮಂಡಲಿ ಸ್ಥಾಪನೆಯಾಯಿತು. ಭಾರತದಲ್ಲಿ ಅಂತಹ ಮೊದಮೊದಲಿನ ಸಂಸ್ಥೆಗಳಲ್ಲಿ ಅದೊಂದು. ೧೯೧೬ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಮಂಡಲಿ ಹುಟ್ಟಿತು. ಇಂದು ಅದೇ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯಾಗಿದೆ. ಅಂದಿನ ನಕರದಂತೆಯೇ, ವರ್ತಕರ ಮಾತು ಸರ್ಕಾರದ ಕಿವಿಗೆ ಒಂದೇ ಕಂಠದಿಂದ ಬೀಳುವ ಏರ್ಪಾಡು ಇದು.

ಈ ವರ್ಷಗಳಲ್ಲೇ ಹೊರದೇಶಗಳ ವರ್ತಕರು ಏನು ಮಾಡುತ್ತಿದ್ದರೆಂಬುದನ್ನು ಒಂದಿಷ್ಟು ನೋಡಿದರೆ ನಮ್ಮ ವಿಷಯ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಳಿ ಕೋಕೋ ಕಾರ್ಖಾನೆಯ ಒಡೆಯನಾದ ಜಾರ್ಜ್ ಕ್ಯಾಡ್‌ಬರಿ ೧೮೯೫ರಿಂದ ಬೋರ್ನ್‌ವಿಲ್ ಎಂಬ ಊರನ್ನು ಕಟ್ಟಿಸಿದ. ಪ್ರತಿ ಮನೆಗೂ ತೋಟ, ಬೀದಿಗೆ ಮರಗಳ ಸಾಲು. ಅದೇ ನಗರದ ಉದ್ಯಮಿ ನೆಟ್ಲ್‌ಫೋಲ್ಡ್ ಎಂಬಾತ ನಗರಸಭೆಯ ವಸತಿ ಸಮಿತಿಯ ಅಧ್ಯಕ್ಷನಾಗಿ, ಜರ್ಮನಿಯ ಪಟ್ಟಣಗಳನ್ನು ನೋಡಿಬಂದು, ಊರು ಬೆಳೆಯುವ ಮುನ್ನವೇ ನಕ್ಷೆ ಬರೆಯುವ ಅಧಿಕಾರ ಊರಿಗೆ ಬೇಕೆಂದು ವಾದಿಸಿದ. ೧೯೦೯ರಲ್ಲಿ ಬ್ರಿಟನ್ನಿನ ಮೊದಲ ನಗರ ಯೋಜನಾ ಕಾನೂನು ಬಂದಿತು. ಅದೇ ವರ್ಷ ಅಮೆರಿಕದ ಷಿಕಾಗೋ ನಗರಕ್ಕೆ ಬರ್ನ್‌ಹ್ಯಾಮ್ ಬರೆದ ಪ್ರಸಿದ್ಧ ಯೋಜನೆಯ ವೆಚ್ಚವನ್ನು ಹೊತ್ತದ್ದು ಅಲ್ಲಿನ ವಾಣಿಜ್ಯ ಕ್ಲಬ್ಬು.

ನ್ಯೂಯಾರ್ಕಿನ ಕಥೆ ಇನ್ನೂ ಸ್ವಾರಸ್ಯವಾದುದು. ಐದನೆಯ ಅವೆನ್ಯೂ ಎಂಬ ದೊಡ್ಡ ಬೀದಿಯಲ್ಲಿ ಶ್ರೀಮಂತರ ಅಂಗಡಿಗಳಿದ್ದವು. ಹತ್ತಿರದಲ್ಲೇ ಬಹುಮಹಡಿಯ ಸಿದ್ಧ ಉಡುಪಿನ ಕಾರ್ಖಾನೆಗಳು ಏಳತೊಡಗಿದುವು. ಮಧ್ಯಾಹ್ನ ಕೆಲಸ ಬಿಟ್ಟಾಗ ಕೂಲಿಗಾರರ ಗುಂಪು ಬೀದಿಗಿಳಿಯುತ್ತಿದ್ದಿತು. ಅಂಗಡಿಕಾರರು ಸಂಘ ಕಟ್ಟಿ, ಪತ್ರಿಕೆಗಳಲ್ಲಿ ಪ್ರಚಾರ ಮಾಡಿ, ಕಟ್ಟಡದ ಎತ್ತರಕ್ಕೂ ಬಳಕೆಗೂ ಮಿತಿಯಿಡುವ ಕಾನೂನು ಬೇಕೆಂದು ಹಟ ಹಿಡಿದರು. ೧೯೧೬ರ ಜುಲೈನಲ್ಲಿ, ಎಂದರೆ ನಮ್ಮಲ್ಲಿ ವಾಣಿಜ್ಯ ಮಂಡಲಿ ಹುಟ್ಟಿದ ವರ್ಷದಲ್ಲಿಯೇ, ಆ ಕಾನೂನು ಬಂದಿತು. ಬೀದಿಗೆ ಗಾಳಿ ಬೆಳಕು ಉಳಿಯಿತೆಂಬುದು ನಿಜ. ಆದರೆ ಅಂಗಡಿಕಾರರಿಗೆ ಮುಖ್ಯವಾಗಿ ಬೇಕಾಗಿದ್ದುದು, ವಲಸೆ ಬಂದ ಬಡ ಕೂಲಿಗಾರರು ತಮ್ಮ ಗಿರಾಕಿಗಳ ಕಣ್ಣಿಗೆ ಬೀಳದಂತೆ ಮಾಡುವುದು ಎಂಬುದೂ ನಿಜ.

ಆದುದರಿಂದ ವರ್ತಕನ ಬೆಂಬಲ ಬಂದಿತೆಂದ ಮಾತ್ರಕ್ಕೆ ಕಾನೂನು ಒಳ್ಳೆಯದಾಯಿತೆಂದು ತಿಳಿಯಬೇಡಿ. ವರ್ತಕ ಕೇಳಿದನೆಂದ ಮಾತ್ರಕ್ಕೆ ಕೆಟ್ಟದೆಂದೂ ತಿಳಿಯಬೇಡಿ. ಕೇಳಬೇಕಾದ ಪ್ರಶ್ನೆ ಒಂದೇ. ತಾನು ಬೇಡುತ್ತಿರುವ ಕಟ್ಟಳೆಗೆ ಅವನೂ ತಲೆಬಾಗುವನೋ, ಅಥವಾ ಇನ್ನೊಬ್ಬನನ್ನು ಹೊರಗಿಟ್ಟು ತನಗೆ ಮಾತ್ರ ವಿನಾಯಿತಿ ಕೇಳುವನೋ? ತನ್ನ ಸರಕಿನ ಮೇಲೆ ತಾನೇ ಕಂದಾಯ ಹೇರಿಕೊಂಡ ನಕರದವನು ಮೊದಲನೆಯ ಬಗೆಯವನು. ಸಾಲಿನಲ್ಲಿದ್ದ ಎಲ್ಲರ ಜಗಲಿಯನ್ನೂ ಕೀಳಿಸಿ ತನ್ನದೊಂದನ್ನು ಉಳಿಸಿಕೊಳ್ಳಲು ಅರ್ಜಿ ಕೊಡುವವನು ಎರಡನೆಯ ಬಗೆಯವನು. ಇಬ್ಬರೂ ಸುಧಾರಣೆಯೆಂಬ ಒಂದೇ ಮಾತನ್ನು ಆಡುತ್ತಾರೆ.

ಈಗ ನಮ್ಮ ದೇಶದ ಕಾನೂನಿಗೆ ಬರೋಣ. ಮುಂಬಯಿಯ ಸುಧಾರಣಾ ಮಂಡಲಿ ನೆಲವನ್ನು ವಶಪಡಿಸಿಕೊಂಡು, ಕಟ್ಟಡ ಕೆಡವಿ, ಹೊಸ ಬೀದಿ ಹಾಕುತ್ತಿದ್ದಿತು. ನೆಲದ ಒಡೆಯರಿಗೆ ಇದರಿಂದ ಬಹಳ ಅಸಮಾಧಾನ. ೧೯೧೫ರ ಮುಂಬಯಿ ನಗರ ಯೋಜನಾ ಕಾನೂನು ಬೇರೆ ದಾರಿ ತೋರಿಸಿತು. ಅದನ್ನು ಹೀಗೆ ತಿಳಿಯಿರಿ. ಊರಿನಂಚಿನಲ್ಲಿ ಹತ್ತು ಮಂದಿಯ ಸೊಟ್ಟಸೊಟ್ಟ ಹೊಲಗಳಿವೆ. ಹತ್ತನ್ನೂ ಕಾಗದದ ಮೇಲೆ ಒಂದುಗೂಡಿಸಿ, ಬೀದಿಗೆ, ಬಯಲಿಗೆ, ಶಾಲೆಗೆ ಬೇಕಾದಷ್ಟನ್ನು ಮೊದಲು ತೆಗೆದಿಟ್ಟು, ಉಳಿದುದನ್ನು ನೇರವಾದ ನಿವೇಶನಗಳಾಗಿ ಮಾಡಿ ಅದೇ ಹತ್ತು ಮಂದಿಗೆ ಅವರವರ ಪಾಲಿನಂತೆ ಹಿಂದಕ್ಕೆ ಕೊಡುವುದು. ಎಲ್ಲರಿಗೂ ನೆಲ ಸ್ವಲ್ಪ ಕಡಿಮೆಯಾಗುತ್ತದೆ. ಎಲ್ಲರಿಗೂ ಬೀದಿ ಸಿಗುತ್ತದೆ. ಉಳಿದ ನೆಲದ ಬೆಲೆ ಏರುತ್ತದೆ. ಏರಿದ ಬೆಲೆಯಲ್ಲಿ ಒಂದಂಶವನ್ನು ಊರಿನ ಕೆಲಸಕ್ಕೆ ಸಲ್ಲಿಸಬೇಕು. ನಕರದ ಹಳೆಯ ಲೆಕ್ಕಾಚಾರವೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆಯೆಂದು ನನಗೆ ತೋರುತ್ತದೆ.

೧೯೫೬ರಲ್ಲಿ ಕನ್ನಡನಾಡು ಒಂದುಗೂಡಿದಾಗ, ಒಂದೊಂದು ಸೀಮೆಗೆ ಒಂದೊಂದು ಕಾನೂನಿದ್ದಿತು. ಮುಂಬಯಿ ಕರ್ನಾಟಕಕ್ಕೆ ಮುಂಬಯಿಯದು, ಮದರಾಸಿನಿಂದ ಬಂದ ಜಿಲ್ಲೆಗಳಿಗೆ ೧೯೨೦ರ ಮದರಾಸು ಕಾನೂನು. ಇದನ್ನು ಸರಿಪಡಿಸಿ ಇಡೀ ರಾಜ್ಯಕ್ಕೆ ಒಂದೇ ಏರ್ಪಾಡು ಮಾಡಲು ೧೯೬೧ರ ಮೈಸೂರು ನಗರ ಮತ್ತು ಗ್ರಾಮಾಂತರ ಯೋಜನಾ ಕಾನೂನು ರಚಿತವಾಯಿತು. ಅದು ಜಾರಿಗೆ ಬಂದುದು ೧೯೬೫ರ ಜನವರಿಯಲ್ಲಿ. ಇಂದಿಗೂ ಕರ್ನಾಟಕದ ಹೆಸರಿನಲ್ಲಿ ನಡೆಯುತ್ತಿರುವುದು ಅದೇ. ಊರಿಗೊಂದು ಯೋಜನಾ ಪ್ರಾಧಿಕಾರ, ಇರುವ ನೆಲದ ಬಳಕೆಯನ್ನು ತೋರಿಸುವ ಭೂಪಟ, ಅದರ ಮೇಲೆ ಮುಂದಿನ ಯೋಜನೆ, ಆ ಯೋಜನೆಗೆ ಸಾರ್ವಜನಿಕರ ಆಕ್ಷೇಪಣೆ, ಕೊನೆಗೆ ಸರ್ಕಾರದ ಒಪ್ಪಿಗೆ ಎಂಬುದು ಅದರ ಕ್ರಮ. ಮೊದಲು ರೂಪುರೇಷೆಯ ಯೋಜನೆ, ಆಮೇಲೆ ಸಮಗ್ರ ಯೋಜನೆ ಎಂದು ಎರಡು ಹಂತಗಳಿದ್ದವು. ಮುಂದೆ ತಿದ್ದುಪಡಿಯಾಗಿ ಮಹಾಯೋಜನೆಯೆಂಬ ಒಂದೇ ಹಂತ ಉಳಿಯಿತು. ಮುಂಬಯಿಯ ಒಟ್ಟುಗೂಡಿಸಿ ಹಂಚುವ ಕ್ರಮಕ್ಕೂ ಈ ಕಾನೂನಿನಲ್ಲಿ ಒಂದು ಅಧ್ಯಾಯವಿದೆ. ಆದರೆ ನಮ್ಮಲ್ಲಿ ಅದು ಹೆಚ್ಚು ಬಳಕೆಗೆ ಬರಲಿಲ್ಲ. ೧೯೭೬ರಲ್ಲಿ ಬೆಂಗಳೂರಿಗೂ ೧೯೮೭ರ ಕಾನೂನಿನ ಮೂಲಕ ಇತರ ನಗರಗಳಿಗೂ ಬಂದ ಅಭಿವೃದ್ಧಿ ಪ್ರಾಧಿಕಾರಗಳು ನೆಲವನ್ನು ವಶಪಡಿಸಿಕೊಂಡು ಬಡಾವಣೆ ಮಾಡುವ ಹಾದಿಯನ್ನೇ ಹೆಚ್ಚಾಗಿ ಹಿಡಿದುವು.

ವರ್ತಕರು, ಉದ್ಯಮಿಗಳು ನೇರವಾಗಿ ಊರಿನ ಆಡಳಿತದ ಸುಧಾರಣೆಗೆ ಕೈಹಾಕಿದ ಇತ್ತೀಚಿನ ಉದಾಹರಣೆ ಬೆಂಗಳೂರಿನದು. ೧೯೯೯ರಲ್ಲಿ ಎಸ್. ಎಂ. ಕೃಷ್ಣ ಅವರ ಸರ್ಕಾರ ಬೆಂಗಳೂರು ಅಜೆಂಡಾ ಕಾರ್ಯಪಡೆಯನ್ನು ನೇಮಿಸಿತು. ಅದರ ಮುಖ್ಯಸ್ಥರು ಇನ್ಫೋಸಿಸ್ಸಿನ ನಂದನ್ ನಿಲೇಕಣಿ. ನಗರದ ಸೇವಾ ಸಂಸ್ಥೆಗಳು ಬಹಿರಂಗ ಸಭೆಯಲ್ಲಿ ತಾವು ಮಾಡುವ ಕೆಲಸವನ್ನು ಹೇಳಿ, ಮುಂದಿನ ಸಭೆಯಲ್ಲಿ ಲೆಕ್ಕ ಒಪ್ಪಿಸುವ ಪದ್ಧತಿ ಆಗ ನಡೆಯಿತು. ಮನೆಯ ಒಡೆಯನೇ ತನ್ನ ಆಸ್ತಿ ತೆರಿಗೆಯನ್ನು ಲೆಕ್ಕಹಾಕಿ ಕಟ್ಟುವ ಪದ್ಧತಿ ೨೦೦೦ದಲ್ಲಿ ಬೆಂಗಳೂರಿಗೆ ಬಂದಿತು. ಇವು ಒಳ್ಳೆಯ ಕೆಲಸಗಳು. ಆದರೆ ೨೦೦೪ರಲ್ಲಿ ಸರ್ಕಾರ ಬದಲಾದೊಡನೆ ಕಾರ್ಯಪಡೆ ಮುಗಿಯಿತು. ಚುನಾಯಿತರಾಗದ ಕೆಲವರ ಕೈಗೆ ಊರಿನ ಮಾತನ್ನು ಒಪ್ಪಿಸಬಹುದೆ ಎಂಬ ಆಕ್ಷೇಪವೂ ಆಗ ಇದ್ದಿತು. ದೋರಸಮುದ್ರದ ಪಟ್ಟಣಸ್ವಾಮಿಗೂ ಈ ಕಾರ್ಯಪಡೆಗೂ ಒಂದು ವ್ಯತ್ಯಾಸ ಉಂಟು. ಪಟ್ಟಣಸ್ವಾಮಿಯ ಹಿಂದೆ ಬೀದಿಯ ಎಲ್ಲ ಅಂಗಡಿಗಳ ಕೂಟ ನಿಂತಿದ್ದಿತು. ಕಾರ್ಯಪಡೆಯ ಬೆನ್ನಿಗಿದ್ದುದು ಒಬ್ಬ ಮುಖ್ಯಮಂತ್ರಿಯ ವಿಶ್ವಾಸ.

ಕೊಬ್ಬರಿ ಮಂಡಿಯ ವಿಚಾರದಲ್ಲಿ ಸಣ್ಣ ಊರುಗಳೂ ಒಂದು ದೊಡ್ಡ ಬದಲಾವಣೆಯನ್ನು ಕಂಡಿವೆ. ನಿಯಂತ್ರಿತ ಮಾರುಕಟ್ಟೆಯ ಕಾನೂನು ಹಳೆಯ ಮೈಸೂರಿಗೆ ೧೯೩೯ರಲ್ಲಿ, ಒಂದುಗೂಡಿದ ರಾಜ್ಯಕ್ಕೆ ೧೯೬೬ರಲ್ಲಿ ಬಂದಿತು. ಪೇಟೆಬೀದಿಯ ಮಂಡಿಗಳ ವ್ಯಾಪಾರ ಮಾರುಕಟ್ಟೆ ಪ್ರಾಂಗಣದ ಬಹಿರಂಗ ಹರಾಜಿಗೆ ಸರಿಯುವಂತಾಯಿತು. ರೈತನಿಗೆ ತೂಕದ, ದರದ ಭರವಸೆಯೆಂದು ನಾವು ಅದನ್ನು ನೆನೆಯುತ್ತೇವೆ. ಊರಿನ ನಕ್ಷೆಯ ದೃಷ್ಟಿಯಿಂದಲೂ ಅದು ಸುಧಾರಣೆಯೇ. ಗಾಡಿಗಳೂ ಲಾರಿಗಳೂ ಇಕ್ಕಟ್ಟಿನ ಬೀದಿ ಬಿಟ್ಟು ವಿಶಾಲ ಪ್ರಾಂಗಣಕ್ಕೆ ಹೋದರೆ ಪೇಟೆಯಲ್ಲಿ ಮನೆಮಂದಿ ನಡೆದಾಡಬಹುದು. ತಲೆತಲಾಂತರದ ಮಂಡಿಯನ್ನು ಬಿಟ್ಟು ಏಳುವುದು ವರ್ತಕನಿಗೆ ಸುಲಭವಲ್ಲ. ಅಲ್ಲಿ ಮಳಿಗೆ ದೊರೆತು, ಕೊಳ್ಳುವವನೂ ಮಾರುವವನೂ ಅಲ್ಲಿಗೇ ಬರುವರೆಂಬ ಖಾತ್ರಿಯಿದ್ದರೆ ಅವನು ಏಳುತ್ತಾನೆ. ಒಬ್ಬನಿಗೆ ಪೇಟೆಯಲ್ಲೇ ಉಳಿಯಲು ಬಿಟ್ಟರೆ ಉಳಿದವರೂ ಹಿಂದಿರುಗುತ್ತಾರೆ.

ಈ ಎಲ್ಲ ಮಾತಿಗೂ ಇಂದು ಪರೀಕ್ಷೆ ನಡೆಯಬೇಕಾದ ಸ್ಥಳ ಬೇಲೂರು ಹಳೇಬೀಡುಗಳು. ೧೯೫೮ರ ಪ್ರಾಚೀನ ಸ್ಮಾರಕಗಳ ಕಾನೂನಿಗೆ ೨೦೧೦ರಲ್ಲಿ ಬಂದ ತಿದ್ದುಪಡಿಯಂತೆ, ರಕ್ಷಿತ ಸ್ಮಾರಕದ ಸುತ್ತ ೧೦೦ ಮೀಟರ್ ನಿಷಿದ್ಧ ಪ್ರದೇಶ. ಅದರಾಚೆ ಇನ್ನೂ ೨೦೦ ಮೀಟರ್ ನಿಯಂತ್ರಿತ ಪ್ರದೇಶ. ನಿಷಿದ್ಧ ಪ್ರದೇಶದಲ್ಲಿ ಹೊಸ ಕಟ್ಟಡ ಏಳಕೂಡದು. ೧೯೯೨ರ ಜೂನ್ ೧೬ಕ್ಕೆ ಮೊದಲಿದ್ದ ಕಟ್ಟಡವನ್ನು ಅನುಮತಿ ಪಡೆದು ದುರಸ್ತಿ ಮಾಡಿಕೊಳ್ಳಬಹುದು, ಕೆಡವಿ ಕಟ್ಟುವಂತಿಲ್ಲ. ನಿಯಂತ್ರಿತ ಪ್ರದೇಶದಲ್ಲಿ ಏನು ಕಟ್ಟುವುದಕ್ಕೂ ಅನುಮತಿ ಬೇಕು. ೨೦೨೩ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಹಳೆಯ ಊರಿನ ನಡುವೆಯೇ ಗುಡಿಯಿರುವ ಬೇಲೂರಿನಲ್ಲಿ ಆ ೧೦೦ ಮೀಟರಿನೊಳಗೆ ಎಷ್ಟೋ ಮನೆಗಳೂ ಅಂಗಡಿಗಳೂ ಬರುತ್ತವೆ. ನಾಡಹೆಂಚಿನ ಮಾಡು ಸೋರುವ ಮನೆಯವನಿಗೂ, ತಂದೆಯ ಅಂಗಡಿಯನ್ನು ಇಬ್ಬರು ಮಕ್ಕಳಿಗೆ ಹಂಚಬೇಕಾದವನಿಗೂ ಪಟ್ಟಿಯ ಗೌರವ ಒಂದು ಕಡೆ, ಅರ್ಜಿಯ ಅಲೆದಾಟ ಇನ್ನೊಂದು ಕಡೆ.

ಹಳೇಬೀಡಿನ ನೆಲದ ಕೆಳಗೆ ಏನಿದೆಯೆಂಬುದನ್ನು ಹಿಂದೆಯೇ ಹೇಳಿದ್ದೇನೆ. ಪಾಯ ಅಗೆದರೆ ದೋರಸಮುದ್ರದ ಬೀದಿಯೇ ಸಿಕ್ಕೀತು. ರಕ್ಷಣೆಯನ್ನು ತೆಗೆದುಹಾಕಿರೆಂದು ಕೇಳುವುದು ಇಲ್ಲಿ ಸುಧಾರಣೆಯಾಗಲಾರದು. ಗುಡಿ ಮಂಕಾದರೆ ಗುಡಿಯನ್ನು ನಂಬಿದ ಅಂಗಡಿಯೂ ಮಂಕಾಗುತ್ತದೆ. ಆದರೆ ಬಯಲಿನಲ್ಲಿ ಒಂಟಿಯಾಗಿ ನಿಂತ ಕೋಟೆಗೂ ಜನ ತುಂಬಿದ ಬೀದಿಯ ನಡುವಿನ ಗುಡಿಗೂ ಒಂದೇ ಅಳತೆಯ ದಾರ ಹಿಡಿದರೆ ಊರು ಒಪ್ಪುವುದು ಕಷ್ಟ. ಒಪ್ಪದ ಕಟ್ಟಳೆಯನ್ನು ಜನ ರಾತ್ರೋರಾತ್ರಿ ಮುರಿಯುತ್ತಾರೆ. ತಗಡಿನ ಮಾಡು, ಅಡ್ಡ ಬಂದ ಬೋರ್ಡು, ಕದ್ದು ಎತ್ತಿದ ಮಹಡಿ ಗುಡಿಯ ಅಂದವನ್ನು ಇನ್ನೂ ಕೆಡಿಸುತ್ತವೆ.

ಇದಕ್ಕೆ ದಾರಿ ಆ ಕಾನೂನಿನಲ್ಲೇ ಇದೆ. ಒಂದೊಂದು ರಕ್ಷಿತ ಸ್ಮಾರಕಕ್ಕೂ ಅದರದೇ ಪಾರಂಪರಿಕ ಉಪವಿಧಿಗಳನ್ನು ರಚಿಸಬೇಕೆಂದು ೨೦೧೦ರ ತಿದ್ದುಪಡಿ ಹೇಳುತ್ತದೆ. ಕಟ್ಟಡ ಎಷ್ಟು ಎತ್ತರ, ಮಾಡು ಎಂತಹುದು, ಬಣ್ಣ ಯಾವುದು, ಚರಂಡಿ, ಬೋರ್ಡು, ವಿದ್ಯುತ್ ತಂತಿ ಹೇಗಿರಬೇಕು ಎಂಬುದನ್ನು ಆ ಬೀದಿಯನ್ನು ನೋಡಿ ಬರೆಯಲು ಇಲ್ಲಿ ಅವಕಾಶವಿದೆ. ಹೀಗೆ ಬರೆದ ಉಪವಿಧಿ ಒಂದು ಕೈಯಲ್ಲಿ, ರಾಜ್ಯದ ಕಾನೂನಿನ ಮಹಾಯೋಜನೆ ಇನ್ನೊಂದು ಕೈಯಲ್ಲಿ ಇದ್ದು, ಎರಡೂ ಒಂದೇ ನಕ್ಷೆಯ ಮೇಲೆ ಕೂಡಿದರೆ ಅಂಗಡಿಯವನಿಗೆ ತನ್ನ ನಿವೇಶನದಲ್ಲಿ ಏನು ಮಾಡಬಹುದೆಂಬುದು ಅರ್ಜಿ ಹಾಕುವ ಮೊದಲೇ ಗೊತ್ತಾಗುತ್ತದೆ. ಬೇಲೂರಿನ ವರ್ತಕರು ಒಟ್ಟಾಗಿ ಕೇಳಬೇಕಾದ ಸುಧಾರಣೆ ಇದೆಂದು ನನ್ನ ಅಭಿಪ್ರಾಯ. ಅದರ ಜೊತೆಯಲ್ಲಿಯೇ ಅವರು ಒಂದು ಮಾತು ಕೊಡಬೇಕಾಗುತ್ತದೆ: ಸಾಲಿನ ಎಲ್ಲ ಅಂಗಡಿಗಳೂ ಒಂದೇ ಗೆರೆಗೆ ಸರಿಯುತ್ತವೆ, ಬಸ್ಸು ಕಾರುಗಳ ನಿಲ್ದಾಣ ದೂರ ಹೋದರೂ ತಕರಾರಿಲ್ಲ, ಬೀದಿಬದಿಯ ಹೂವಿನ ಬುಟ್ಟಿಯವಳಿಗೂ ನಕ್ಷೆಯಲ್ಲಿ ಜಾಗವಿರುತ್ತದೆ ಎಂದು. ಹೂವಿನವಳನ್ನು ಓಡಿಸಿ ಬೀದಿಯನ್ನು ಚೆಂದಮಾಡಿದರೆ ನಾವು ನ್ಯೂಯಾರ್ಕಿನವರು ಮಾಡಿದ್ದನ್ನೇ ಮಾಡಿದಂತಾಗುತ್ತದೆ.

ಅರಸೀಕೆರೆಯ ಪ್ರಶ್ನೆ ಬೇರೆ. ಅಲ್ಲಿ ಕಾಯಬೇಕಾದುದು ಊರಿನಂಚು. ಜಂಕ್ಷನ್ನಿನ ಊರು ಹೆದ್ದಾರಿಯ ಗುಂಟ ಉದ್ದವಾಗುತ್ತ ಹೋಗುವುದು ಸಹಜ. ಹೊಲಗಳು ಒಂದೊಂದಾಗಿ ನಿವೇಶನಗಳಾದ ಮೇಲೆ ಬೀದಿಯನ್ನು ಹುಡುಕುವುದಕ್ಕಿಂತ, ಹತ್ತು ಹೊಲಗಳನ್ನು ಕೂಡಿಸಿ ಹಂಚುವ ಆ ಮರೆತ ಅಧ್ಯಾಯವನ್ನು ತೆರೆಯುವುದು ಮೇಲು. ಕೆರೆಗೆ ನೀರು ಬರುವ ಕಾಲುವೆಗಳನ್ನು ಮೊದಲು ಗುರುತಿಸಿಟ್ಟು ಉಳಿದುದನ್ನು ಹಂಚಬೇಕು. ಕೆರೆಯ ಹೆಸರನ್ನೇ ಹೊತ್ತ ಊರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನೀವು ಈ ಮೂರು ಊರುಗಳವರೇ ಆಗಿರಬೇಕೆಂದಿಲ್ಲ. ನಿಮ್ಮ ಊರಿನಲ್ಲಿಯೂ ಒಂದು ದಿನ ಮಹಾಯೋಜನೆಯ ಕರಡು ಕಛೇರಿಯ ಗೋಡೆಯ ಮೇಲೆ ಬರುತ್ತದೆ. ಆಕ್ಷೇಪಣೆ, ಸಲಹೆಗಳಿಗೆ ಗಡುವು ಕೊಟ್ಟು ಪ್ರಕಟಣೆ ಹೊರಡುತ್ತದೆ. ಆ ಪ್ರಕಟಣೆಯನ್ನು ಓದುವವರು ಕಡಮೆ. ಓದಿದ ಕೆಲವರು ತಮ್ಮ ನಿವೇಶನದ ಬಣ್ಣ ಹಳದಿಯೋ ನೀಲಿಯೋ, ವಾಸಕ್ಕೋ ವ್ಯಾಪಾರಕ್ಕೋ ಎಂಬಷ್ಟನ್ನು ನೋಡಿಕೊಂಡು ಹಿಂದಿರುಗುತ್ತಾರೆ. ಈ ಸಲ ನೀವು ಹೋದಾಗ ನಿಮ್ಮ ಬೀದಿಯ ಅಂಗಡಿಯವರಲ್ಲಿ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ನಿವೇಶನವನ್ನು ನೋಡಿದ ಮೇಲೆ ಬೀದಿಯ ಅಗಲವನ್ನು ನೋಡಿ, ಚರಂಡಿ ಎತ್ತ ಹೋಗುವುದೆಂದು ನೋಡಿ, ಸಂತೆಗೆ ಎಷ್ಟು ಜಾಗ ಬಿಟ್ಟಿದ್ದಾರೆಂದು ನೋಡಿ. ಮೂವರೂ ಸೇರಿ ಒಂದೇ ಕಾಗದದಲ್ಲಿ ಸಲಹೆ ಬರೆದು, ಸಹಿ ಹಾಕಿ, ಗಡುವಿನೊಳಗೆ ಕೊಟ್ಟು, ಕೊಟ್ಟುದಕ್ಕೆ ರಸೀತಿ ಪಡೆದುಕೊಂಡು ಬನ್ನಿ.